ಮೇಲೆ ಕ್ಷೇಮ, ಒಳಗೆ ಉರಿ

ಜನವರಿ 11

ಅಪ್ಪ,

ಹೊಸ ಕೆಲಸ ಸಿಕ್ಕಿದೆ. ಬ್ರೆಡ್ಡಿನ ಕಾರ್ಖಾನೆ ಬಿಟ್ಟೆ. ಯಾಕೆ ಎಂದು ಕೇಳಬೇಡ, ಕೇಳಿದರೆ ಹೇಳಿಬಿಡುತ್ತೇನೆ. ಈಗ ಇರುವುದು ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ಜಾಗ. ನನ್ನದು ಇಸ್ತ್ರಿ ವಿಭಾಗ. ಎರಡು ದೊಡ್ಡ ಬಿಸಿ ಉರುಳೆಗಳ ನಡುವೆ ಒದ್ದೆ ಚಾದರ ತೂರಿಸಿದರೆ ಆ ಕಡೆ ಹೊಸ ನೋಟಿನ ಹಾಗೆ ಗರಿಗರಿಯಾಗಿ ಬರುತ್ತದೆ. ಚಾದರದ ಇನ್ನೊಂದು ತುದಿ ಹಿಡಿಯುವ ಹೆಂಗಸಿಗೆ ಮೊದಲ ದಿನವೇ ಹೇಳಿದೆ, ನನಗೆ ಎಚ್‌ಐವಿ ಇದೆ, ಹುಟ್ಟಿನಿಂದ ಇದೆ, ಮಾತ್ರೆ ತಗೋತೀನಿ ಅಂತ. ಆಕೆ ಚಾದರದ ತನ್ನ ತುದಿಯನ್ನು ಬಿಗಿಯಾಗಿ ಎಳೆದಳು. ಆಮೇಲೆ, "ನಂಗೆ ಸಕ್ಕರೆ ಕಾಯಿಲೆ. ಎಳಿ, ಮಡಿಕೆ ಬೀಳ್ತಿದೆ" ಅಂದಳು.

ಈ ಸಾಲು ಓದಿ ನಿನ್ನ ಎದೆ ಧಸಕ್ಕೆಂದಿರುತ್ತದೆ. ಅನ್ನಲಿ. ಆ ಎದೆಯ ವಿಷಯಕ್ಕೇ ಬರೆಯುತ್ತಿದ್ದೇನೆ.

ಕಳೆದ ತಿಂಗಳು ನಾನು ಬಂದಾಗ ಬಸ್ ನಿಲ್ದಾಣದಿಂದ ನಿನ್ನ ಕ್ಷೌರದ ಅಂಗಡಿಯವರೆಗೆ ನಡೆದೆವಲ್ಲ, ನೀನು ದಾರಿಯುದ್ದಕ್ಕೂ ನಿಂತು ನಿಂತು ನಡೆದೆ. ಮೊದಲು ಚಪ್ಪಲಿಯ ನೆಪ. ಆಮೇಲೆ ಸೈಕಲ್ ಅಂಗಡಿಯ ಗಾಜಿನೆದುರು. ಆಮೇಲೆ ಹೆಂಗಸರ ಬಟ್ಟೆ ಅಂಗಡಿಯೆದುರು! "ಏನಪ್ಪಾ ನೋಡ್ತಿದ್ದೀಯ?" ಅಂದರೆ "ಬಣ್ಣ ಚೆನ್ನಾಗಿದೆ" ಅಂದೆ. ಕಳ್ಳನಿಗೊಂದು ಪಿಳ್ಳೆ ನೆವ. ಒಂದು ಕೈ ಎದೆಯ ಮೇಲಿತ್ತು. ಅಂಗಿಯ ಗುಂಡಿ ಹುಡುಕುತ್ತಿರುವ ಹಾಗೆ ನಟಿಸುತ್ತಿದ್ದೆ.

ನಾನು ಮಾತ್ರೆ ತರುವ ಆಸ್ಪತ್ರೆಯಲ್ಲಿ ಒಂದು ಸಂಶೋಧನೆ ನಡೆಯುತ್ತಿದೆ. ರಕ್ತ ಕೊಡುತ್ತೀಯಾ ಎಂದು ಕೇಳಿದರು, ಕೊಟ್ಟೆ. ಅಲ್ಲಿನ ನರ್ಸಕ್ಕ ನನ್ನ ಪ್ರಶ್ನೆಗಳ ಕಾಟ ತಡೆಯಲಾಗದೆ ಒಳಗೆ ಕರೆದುಕೊಂಡು ಹೋಗಿ ಪರದೆಯ ಮೇಲೆ ತೋರಿಸಿದರು. ಗಾಜಿನ ಚಿಕ್ಕ ತಟ್ಟೆಯಲ್ಲಿ ರಕ್ತನಾಳದ ಒಳಪದರದ ಜೀವಕೋಶಗಳನ್ನು ಹಾಸುಗಲ್ಲಿನ ಹಾಗೆ ಬೆಳೆಸಿದ್ದಾರೆ. ಅದರ ಮೇಲೆ ನನ್ನ ರಕ್ತದಿಂದ ತೆಗೆದ ಬಿಳಿಯ ಕಣಗಳನ್ನು ಹರಿಯಬಿಟ್ಟರು. ಅವು ಉರುಳುತ್ತ ಬಂದವು. ಒಂದು ನಿಂತಿತು. ಇನ್ನೊಂದು ನಿಂತಿತು. ನಿಂತದ್ದು ಮತ್ತೆ ಹೊರಡಲಿಲ್ಲ. ಗೋಡೆಗೆ ಅಂಟಿಕೊಂಡು ಒಳಗೆ ತೂರಲು ನೋಡುತ್ತಿದ್ದವು. ಕಾಯಿಲೆ ಇಲ್ಲದವರ ರಕ್ತದಲ್ಲಿ ಹೆಚ್ಚಿನವು ಉರುಳಿಕೊಂಡು ಹೋಗಿಬಿಡುತ್ತವಂತೆ.

"ನನ್ನ ವೈರಸ್ ಪರೀಕ್ಷೆಯಲ್ಲಿ ಕಾಣಿಸೋದೇ ಇಲ್ಲವಲ್ಲಕ್ಕಾ?" ಅಂದೆ.

"ಇದು ವೈರಸ್ ಅಲ್ಲಮ್ಮ, ನೀನೇ" ಅಂದರು.

ಅಂದಿನಿಂದ ಆ ಮಾತು ತಲೆಯಿಂದ ಹೋಗುತ್ತಿಲ್ಲ. ಅಪ್ಪ, ನಿನ್ನ ಎದೆ ತೋರಿಸು.

ನಿನ್ನ
ಗುಂಡುಸೂಜಿ


ಜನವರಿ 25

ಮಗಳೇ,

ನಾನಿಲ್ಲಿ ಕ್ಷೇಮ. ನಿನ್ನ ಕ್ಷೇಮಕ್ಕೆ ಆಗಾಗ ಬರೆಯುತ್ತಿರು.

ನಿನಗೆ ಗುಂಡುಸೂಜಿ ಎಂದು ಹೆಸರಿಟ್ಟವನು ನಾನೇ. ಈಗ ಚುಚ್ಚಿಸಿಕೊಳ್ಳುವವನೂ ನಾನೇ. ಕೆಲಸದ ಜಾಗದಲ್ಲಿ ಹೇಳಿದೆಯಂತೆ. ಹೇಳಿಯಾಯಿತಲ್ಲ, ಇನ್ನು ನಾನೇನು ಹೇಳಲಿ. ಆ ಹೆಂಗಸು ಒಳ್ಳೆಯವಳು. ಎಲ್ಲ ಕಡೆ ಚಾದರದ ಆ ತುದಿಯಲ್ಲಿ ಒಳ್ಳೆಯವರೇ ಇರುವುದಿಲ್ಲ.

ನನ್ನ ಎದೆಗೆ ಏನೂ ಆಗಿಲ್ಲ. ವಯಸ್ಸಾದವನು ನಡೆದರೆ ಏದುಸಿರು ಬರುತ್ತದೆ. ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ. ನನ್ನದೂ ಪರೀಕ್ಷೆಯಲ್ಲಿ ಕಾಣಿಸುವುದಿಲ್ಲ. ಕಾಣದ ಮೇಲೆ ಇಲ್ಲ ಎಂದೇ ಲೆಕ್ಕ. ನಿನ್ನ ಪರದೆಯ ಸಿನಿಮಾ ನನಗೆ ಬೇಡ.

ಇನ್ನೊಂದು ಮಾತು. ಈ ಊರಿನಲ್ಲಿ ಎದೆ ನೋಡುವುದು ಒಂದೇ ಕಡೆ. ಅಲ್ಲಿ ಇಸಿಜಿ ತೆಗೆಯುವವನು ಯಾರು ಗೊತ್ತಾ? ನಮ್ಮ ಜೋಡಿಸುಳಿ. ಪ್ರತಿ ಭಾನುವಾರ ನನ್ನ ಕುರ್ಚಿಯಲ್ಲಿ ಕುಳಿತು, ಕತ್ತು ಹಿಂದಕ್ಕೆ ಚಾಚಿ, ಕಣ್ಣು ಮುಚ್ಚಿ ಶೇವ್ ಮಾಡಿಸಿಕೊಳ್ಳುವವನು. ನೆತ್ತಿಯ ಮೇಲೆ ಎರಡು ಸುಳಿ ಇದ್ದರೆ ಎರಡು ಮದುವೆ ಅಂತಾರೆ, ಇವನಿಗೆ ಒಂದೂ ಗಟ್ಟಿಯಾಗಿಲ್ಲ ಎಂದು ಅಂಗಡಿಯವರೆಲ್ಲ ನಗುತ್ತೇವೆ, ಅವನೂ ನಗುತ್ತಾನೆ. ನನ್ನ ಕೈಯಲ್ಲಿ ಕತ್ತಿ ಇರುವಾಗ ಕಣ್ಣು ಮುಚ್ಚುವ ಮನುಷ್ಯನಿಗೆ ನಾನು ಏನೆಂದು ಹೇಳಲಿ?

ನೀನು ಕೇಳುವ ಮೊದಲೇ ಬರೆಯುತ್ತೇನೆ. ನನ್ನಿಂದ ಯಾರಿಗೂ ಏನೂ ಅಂಟುವುದಿಲ್ಲ, ನನಗೆ ಗೊತ್ತು. ಪ್ರತಿ ಮುಖಕ್ಕೂ ಹೊಸ ಬ್ಲೇಡು. ನನ್ನ ಬೆರಳಿಗೆ ಗಾಯವಾದ ದಿನ ನೆಂಟರ ಮನೆಗೆ ಹೋಗುತ್ತೇನೆ ಎಂದು ಬಾಗಿಲು ಹಾಕುತ್ತೇನೆ. ನಮಗೆ ಯಾವ ನೆಂಟರು ಎಂದು ಇದುವರೆಗೆ ಯಾರೂ ಕೇಳಿಲ್ಲ.

ಫೋನಿನಲ್ಲಿ ಈ ವಿಷಯ ಎತ್ತಬೇಡ. ನನ್ನ ಕೋಣೆಗೂ ಅಂಗಡಿಗೂ ನಡುವೆ ಇರುವುದು ಒಂದು ಹಲಗೆ.

ಆಶೀರ್ವಾದಗಳೊಂದಿಗೆ,
ಅಪ್ಪ


ಫೆಬ್ರವರಿ 8

ಅಪ್ಪ,

ಹೌದು, ನಿನ್ನ ಕ್ಷೇಮ ತಲುಪಿತು. ನೀನು ಪ್ರತಿ ಕಾಗದದ ಮೇಲೂ ಅದನ್ನು ನೊರೆ ಬಳಿದ ಹಾಗೆ ಬಳಿಯುತ್ತೀಯ. ಅಡಿಯಲ್ಲಿ ಏನಿದೆ ಎಂದು ಕಾಣಬಾರದು ನೋಡು. ಅಮ್ಮ ಕೊನೆಯ ಸಲ ಆಸ್ಪತ್ರೆಯಲ್ಲಿದ್ದಾಗಲೂ ನೀನು ಅಜ್ಜಿಗೆ "ನಾವಿಲ್ಲಿ ಕ್ಷೇಮ" ಎಂದೇ ಬರೆದೆ. ನಾನು ಆಗಷ್ಟೇ ಅಕ್ಷರ ಕೂಡಿಸಿ ಓದುತ್ತಿದ್ದೆ. ನಾನು ಓದಿದ ಮೊದಲ ಸುಳ್ಳು ಅದು.

ಬೈದದ್ದು ಸಾಕು. ಈಗ ಕೇಳು. ನರ್ಸಕ್ಕನನ್ನು ಮತ್ತೆ ಕಾಡಿ ಕೇಳಿಕೊಂಡು ಬಂದೆ.

ಮಾತ್ರೆ ವೈರಸ್ಸನ್ನು ಅಡಗಿಸುತ್ತದೆ, ಬೇರುಸಹಿತ ಕೀಳುವುದಿಲ್ಲ. ಅದು ಮೈಯ ಮೂಲೆಗಳಲ್ಲಿ ಮಲಗಿರುತ್ತದೆ. ಅದನ್ನು ಎದುರಿಸಲು ಎದ್ದ ಬಿಳಿ ಕಣಗಳು ಮಾತ್ರ ಮಲಗುವುದಿಲ್ಲ. ಅದರಲ್ಲಿ ಮಾನೊಸೈಟ್ ಎಂಬ ಒಂದು ಜಾತಿ ಇದೆ. ರಕ್ತನಾಳದ ಒಳಗೋಡೆ ಸವರಿಕೊಂಡು ಗಸ್ತು ತಿರುಗುವುದೇ ಅದರ ಕೆಲಸ. ನಮ್ಮಂಥವರಲ್ಲಿ ಅದು ಸದಾ ಸಿಟ್ಟಿನಲ್ಲಿರುತ್ತದೆ. ಕಳ್ಳ ಸಿಗದ ಕೋಪಕ್ಕೆ ಮನೆಯ ಗೋಡೆಗೇ ಬಡಿಯುತ್ತದೆ. ಗೋಡೆ ಊದಿಕೊಳ್ಳುತ್ತದೆ, ಅಲ್ಲಿ ಕೊಬ್ಬು ಕೂರುತ್ತದೆ, ನಾಳ ಇಕ್ಕಟ್ಟಾಗುತ್ತದೆ. ಗಾಳಿ ಗುದ್ದಿ ಮೈ ನೋಯಿಸಿಕೊಂಡ ಅಂತಾರಲ್ಲ, ಥೇಟ್ ಅದೇ. ಅದಕ್ಕೇ ನಮ್ಮಂಥವರಿಗೆ ಹೃದಯದ ತೊಂದರೆ ಬೇರೆಯವರಿಗಿಂತ ಬೇಗ, ಬೇರೆಯವರಿಗಿಂತ ಹೆಚ್ಚು. ಕಾಣಿಸದಿದ್ದರೆ ಇಲ್ಲ ಎಂಬ ನಿನ್ನ ಲೆಕ್ಕ ತಪ್ಪು.

ಕೊಬ್ಬು ಇಳಿಸುವ ಒಂದು ಬಗೆಯ ಮಾತ್ರೆಗಳಿವೆ, ಅವು ಗೋಡೆಯ ಉರಿಯನ್ನೂ ತಗ್ಗಿಸುತ್ತವೆ ಅಂದರು. ಆದರೆ ಅವುಗಳಲ್ಲಿ ಎಲ್ಲವೂ ನಮ್ಮ ಮಾತ್ರೆಗಳ ಜೊತೆ ಹೊಂದುವುದಿಲ್ಲ. ಎರಡನ್ನೂ ನೋಡಿಯೇ ಕೊಡಬೇಕು. ನಿನಗೆ ಮಾತ್ರೆ ಕೊಡುವ ಕಡೆಯೇ ಎದೆಯ ವಿಷಯ ಹೇಳಬಾರದಾ? ಹೇಗೂ ಬೇರೆ ಊರಿಗೆ ಹೋಗಿ ತರುತ್ತೀಯ, ಅಲ್ಲಿ ನಿನ್ನ ಕುರ್ಚಿಯಲ್ಲಿ ಕೂತವರು ಯಾರೂ ಇರುವುದಿಲ್ಲ.

ನೀನು ಬರೆಯದೆ ಬಿಟ್ಟದ್ದನ್ನೂ ಓದಿದೆ. ಶಾಲೆಯಲ್ಲಿ ನಾನು ಬಾಯಿಬಿಟ್ಟದ್ದರಿಂದ ಹಳೆಯ ಊರಿನ ಅಂಗಡಿ ಹೋಯಿತು. ಹೌದು, ಹೋಯಿತು. ನಾನು ಶಾಲೆ ಬಿಟ್ಟೆ, ನೀನು ಊರು ಬಿಟ್ಟೆ. ಪಕ್ಕದಲ್ಲಿ ಕೂರುವವಳು "ದಿನಾ ಯಾವ ಮಾತ್ರೆ ತಗೋತೀಯ?" ಎಂದು ಕೇಳಿದ್ದಳು, ನಾನು ಹೇಳಿದ್ದೆ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ಆದರೆ ನೀನು ಹೊಸ ಅಂಗಡಿಗೆ ಕನ್ನಡಿ ಹೊತ್ತು ತಂದ ದಿನ ಅದರಲ್ಲಿ ನಿನ್ನ ಮುಖ ನೋಡಿದ್ದೇನೆ. ಅದಕ್ಕೇ ನಾನು ಇಷ್ಟು ದೂರದಲ್ಲಿದ್ದೇನೆ.

ಗುಂಡುಸೂಜಿ


ಮಾರ್ಚ್ 3

ಮಗಳೇ,

ನಾನಿಲ್ಲಿ ಕ್ಷೇಮ.

ಮಾತ್ರೆ ಕೊಡುವ ಕಡೆ ಹೇಳಿದರೆ ಅವರು ಚೀಟಿ ಬರೆದು ಇದೇ ಊರಿನ ಎದೆ ಡಾಕ್ಟರ ಬಳಿಗೆ ಕಳಿಸುತ್ತಾರೆ. ಚೀಟಿಯ ಮೇಲೆ ಮೊದಲ ಸಾಲೇ ನಮ್ಮ ಕಾಯಿಲೆ. ಅದನ್ನು ಜೋಡಿಸುಳಿಯ ಕೈಗೆ ಕೊಟ್ಟು ಹೆಸರು ಕರೆಯುವವರೆಗೆ ಕಾಯಬೇಕು. ಇದನ್ನು ನಾನು ಯೋಚಿಸಿಲ್ಲ ಅಂದುಕೊಂಡೆಯಾ?

ಮೊನ್ನೆ ಒಬ್ಬ ಮದುಮಗನಿಗೆ ಕಟಿಂಗ್ ಮಾಡುತ್ತಿದ್ದೆ. ಸಂಗಡ ಬಂದ ಪಟಾಲಂ ಗಲಾಟೆಯೋ ಗಲಾಟೆ. ಕಿವಿಯ ಹಿಂದೆ ಮಷಿನ್ ಆಡಿಸುವಾಗ ಎಡಗೈ ಜೋಮು ಹಿಡಿಯಿತು, ಎದೆಯ ಮೇಲೆ ಯಾರೋ ಮೊಣಕಾಲು ಊರಿದ ಹಾಗಾಯಿತು. ಮಷಿನ್ ಜಾರಿತು. ಕಿವಿಯ ಮೇಲೊಂದು ಗೆರೆ, ಕೂದಲು ಸೀದಾ ಚರ್ಮದವರೆಗೆ ಮಾಯ. "ಏನ್ ಮಾಮ, ಹೊಸ ಫ್ಯಾಷನ್ನಾ?" ಅಂದ ಒಬ್ಬ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮದುಮಗ ನಗಲಿಲ್ಲ. ಇಷ್ಟು ವರ್ಷದ ಕಸುಬಿನಲ್ಲಿ ನನ್ನ ಕೈಯಿಂದ ಇಂಥದ್ದು ಆಗಿರಲಿಲ್ಲ. ಅವನ ಮದುವೆಯ ಫೋಟೋದಲ್ಲೆಲ್ಲ ಆ ಗೆರೆ ಇರುತ್ತದೆ.

ಹೋಗುತ್ತೇನೆ. ನಿನ್ನ ಕಾಟಕ್ಕಲ್ಲ, ಆ ಗೆರೆಗೆ.

ಅಪ್ಪ


ಮಾರ್ಚ್ 12

ಅಪ್ಪ,

ಎಂಥದ್ದಕ್ಕಾದರೂ ಆಗಲಿ, ಹೋಗು. ನಿನ್ನ ಕಾಗದವನ್ನು ಇಸ್ತ್ರಿ ವಿಭಾಗದ ಆ ಹೆಂಗಸಿಗೂ ಓದಿ ಹೇಳಿದೆ, ಮದುಮಗನ ಕಿವಿಯ ಕಥೆಗೆ ಆಕೆ ಚಾದರ ಕೆಳಗೆ ಹಾಕಿ ನಕ್ಕಳು.

ಒಂದೇ ಒಂದು ಮಾತು. ಡಾಕ್ಟರ ಬಳಿ ಒಬ್ಬನೇ ಇರುವಾಗ ನಮ್ಮ ಕಾಯಿಲೆಗೆ ನೀನು ತಿನ್ನುವ ಮಾತ್ರೆಯ ಹೆಸರು ಹೇಳು. ನಿನ್ನದು ನನ್ನ ಮಾತ್ರೆಯಲ್ಲ, ಹಳೆಯದು ಕೆಲಸ ಮಾಡದೆ ಬದಲಿಸಿ ಕೊಟ್ಟದ್ದು. ನರ್ಸಕ್ಕ ಅದನ್ನು ಕೇಳಿ "ಅದಾ? ಹಾಗಾದರೆ ಖಂಡಿತ ಹೇಳಬೇಕು" ಅಂದರು. ಜೋಡಿಸುಳಿಯನ್ನು ಹೊರಗೆ ಕಳಿಸಿ ಎಂದು ಕೇಳು. ಕೇಳಲು ನಾಚಿಕೆಯಾದರೆ ಮಾತ್ರೆಯ ಡಬ್ಬಿಯನ್ನೇ ಮೇಜಿನ ಮೇಲಿಡು, ಬಾಯಿ ತೆಗೆಯುವುದೇ ಬೇಡ.

ಗುಂಡುಸೂಜಿ


ಏಪ್ರಿಲ್ 2

ಮಗಳೇ,

ನಾನಿಲ್ಲಿ ಕ್ಷೇಮ.

ಹೋಗಿ ಬಂದೆ. ಜೋಡಿಸುಳಿ ನನ್ನನ್ನು ಕಂಡವನೇ ಸರತಿ ತಪ್ಪಿಸಿ ಒಳಗೆ ಕರೆದ. "ದಿನಾ ನಾನು ಕುರ್ಚಿ, ನೀವು ಕತ್ತಿ. ಇವತ್ತು ಉಲ್ಟಾ!" ಎಂದು ಅಂಗಿ ಬಿಚ್ಚಿಸಿ ಮಲಗಿಸಿದ. ಎದೆಯ ಮೇಲೆ ತಣ್ಣನೆಯ ಲೋಳೆ ಬಳಿದು ವೈರು ಅಂಟಿಸಿದ. ಎದೆಗೂದಲು ಅಡ್ಡ ಬರುತ್ತದೆ ಎಂದು ಅವನೇ ರೇಜರ್ ತೆಗೆದುಕೊಂಡು ಅಲ್ಲಲ್ಲಿ ಬೋಳಿಸಿದ. ನನಗೆ ನಗು ಬಂತು. ಬೋಳಿಸಲು ಬರುವುದೇ ಇಲ್ಲ ಅವನಿಗೆ, ಕೂದಲಿನ ಎದುರು ದಿಕ್ಕಿಗೆ ಎಳೆಯುತ್ತಾನೆ.

ಡಾಕ್ಟರು ಹಾಳೆ ನೋಡಿದರು, ಓಡುವ ಯಂತ್ರದ ಮೇಲೆ ನಡೆಸಿದರು, ಬೇಗ ಇಳಿಸಿದರು. ನಾಳ ಇಕ್ಕಟ್ಟಾಗಿದೆ ಅಂದರು. ನಿನ್ನ ಪರದೆಯ ಸಿನಿಮಾ ಸುಳ್ಳಲ್ಲ, ಒಪ್ಪಿದೆ. ರಕ್ತ ತೆಳುವಾಗಲು ಒಂದು, ಕೊಬ್ಬಿಗೆ ಒಂದು, ಎದೆ ಹಿಡಿದರೆ ನಾಲಿಗೆಯ ಕೆಳಗೆ ಇಡಲು ಒಂದು ಕೊಟ್ಟಿದ್ದಾರೆ. ಹೇಳಬೇಕಾದ್ದನ್ನೆಲ್ಲ ಹೇಳಿದ್ದೇನೆ. ಈಗಲಾದರೂ ನೆಮ್ಮದಿಯಾಗಿರು.

ಅಪ್ಪ


ಏಪ್ರಿಲ್ 10

ಅಪ್ಪ,

"ಹೇಳಬೇಕಾದ್ದನ್ನೆಲ್ಲ" ಎಂದರೆ ಏನು? ನಿನ್ನ ಲೆಕ್ಕದಲ್ಲಿ ಹೇಳಬೇಕಾದ್ದು ಯಾವಾಗಲೂ ಬಹಳ ಕಡಿಮೆ. ನಮ್ಮ ಕಾಯಿಲೆ ಹೇಳಿದೆಯಾ? ಮಾತ್ರೆಯ ಹೆಸರು ಹೇಳಿದೆಯಾ? ಹೌದು ಅಥವಾ ಇಲ್ಲ.

ಕೊಬ್ಬಿನ ಮಾತ್ರೆಯ ಹೆಸರು ಬರೆದು ಕಳಿಸು. ನರ್ಸಕ್ಕನಿಗೆ ತೋರಿಸುತ್ತೇನೆ.

ಗುಂ.


ಏಪ್ರಿಲ್ 22

ಮಗಳೇ,

ನಾನಿಲ್ಲಿ ಕ್ಷೇಮ.

ಹೌದು. ಹೇಳಿದೆ.

ಮಾತ್ರೆಯ ಹಾಳೆಯ ಮೇಲಿನ ಅಕ್ಷರ ತೀರಾ ಸಣ್ಣದು, ನನ್ನ ಕಣ್ಣಿಗೆ ಹತ್ತುವುದಿಲ್ಲ. ಇನ್ನೊಬ್ಬರ ಕೈಯಲ್ಲಿ ಓದಿಸುವುದು ಯಾಕೆ ಎಂದು ಬಿಟ್ಟೆ. ಎದೆ ಹಗುರವಾಗಿದೆ. ಬಸ್ ನಿಲ್ದಾಣದವರೆಗೆ ಒಂದೇ ಉಸಿರಿಗೆ ಹೋಗಿ ಬಂದೆ, ಹೆಂಗಸರ ಬಟ್ಟೆ ಅಂಗಡಿಯ ಬಣ್ಣ ನೋಡಲಿಲ್ಲ. ನೀನು ಹೇಳಿದ ಮಾತ್ರೆಯಿಂದಲೇ ಎಂದು ಒಪ್ಪಿಕೊಳ್ಳುತ್ತೇನೆ, ಹಿಗ್ಗು.

ತೊಡೆ, ತೋಳು ಮಾತ್ರ ನೋಯುತ್ತವೆ. ಹಮಾಲಿ ಮಾಡಿದವನ ಹಾಗೆ. ಮೇಲಿನ ಕಪಾಟಿನಿಂದ ಟವೆಲ್ ತೆಗೆಯುವಾಗ ಕೈ ಭಾರ. ದಿನವಿಡೀ ನಿಂತು ಮಾಡುವ ಕೆಲಸ, ಇದೇನು ಹೊಸದಲ್ಲ.

ಅಪ್ಪ


ಏಪ್ರಿಲ್ 29

ಅಪ್ಪ,

ಈ ಕಾಗದವನ್ನು ಕೊರಿಯರ್‌ನಲ್ಲಿ ಹಾಕುತ್ತಿದ್ದೇನೆ. ಓದಿದ ತಕ್ಷಣ ಕೊಬ್ಬಿನ ಮಾತ್ರೆ ನಿಲ್ಲಿಸು. ನಮ್ಮ ಮಾತ್ರೆ ನಿಲ್ಲಿಸಬೇಡ, ಕೊಬ್ಬಿನದ್ದು ನಿಲ್ಲಿಸು.

ನಿನ್ನ ತೊಡೆ ತೋಳಿನ ಸಾಲು ಓದಿ ಹೇಳಿದೆ, ನರ್ಸಕ್ಕ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ನಿನ್ನ ಮಾತ್ರೆಯಲ್ಲಿ ಜೊತೆಯ ಔಷಧದ ಬಲ ಹೆಚ್ಚಿಸುವ ಒಂದು ಔಷಧ ಸೇರಿದೆಯಂತೆ. ಅದು ಕೆಲವು ಕೊಬ್ಬಿನ ಮಾತ್ರೆಗಳನ್ನೂ ಮೈಯಿಂದ ಹೊರಗೆ ಹೋಗಲು ಬಿಡುವುದಿಲ್ಲ. ಅವು ರಕ್ತದಲ್ಲಿ ಏರುತ್ತ ಹೋಗಿ ಮಾಂಸಖಂಡವನ್ನು ಕರಗಿಸುತ್ತವೆ, ಕರಗಿದ್ದು ಮೂತ್ರಪಿಂಡವನ್ನು ಕೆಡಿಸುತ್ತದೆ. ಮೂತ್ರದ ಬಣ್ಣ ನೋಡು. ಕಂದು ಇದ್ದರೆ ದೊಡ್ಡ ಆಸ್ಪತ್ರೆಗೆ ಹೋಗು, ನಾಳೆ ಅಲ್ಲ, ಈಗ.

ನಿನ್ನೆ ಫೋನ್ ಮಾಡಿದೆ. "ಗಿರಾಕಿ ಇದ್ದಾರೆ" ಎಂದು ನೀನು ಇಟ್ಟುಬಿಟ್ಟೆ. ಮತ್ತೆ ಮಾಡಿದೆ, ಎತ್ತಲಿಲ್ಲ. ಇವತ್ತೂ ಎತ್ತಲಿಲ್ಲ. ಗಿರಾಕಿ ಹೋಗುವುದೇ ಇಲ್ಲವಾ ನಿನ್ನ ಅಂಗಡಿಯಿಂದ?

ನೀನು ಹೇಳಿಲ್ಲ. ಅಲ್ಲವಾ? ಹೇಳಿದ್ದರೆ ಅವರು ಆ ಮಾತ್ರೆ ಕೊಡುತ್ತಿರಲಿಲ್ಲ.

ನಿನ್ನ ಮಗಳು


ಏಪ್ರಿಲ್ 30

ತಂಗಿ,

ನಿನ್ನ ಅಪ್ಪನ ಅಂಗಡಿಗೆ ಬರುವವನು ನಾನು, ಎದೆ ಡಾಕ್ಟರ ಬಳಿ ಇಸಿಜಿ ತೆಗೆಯುವವನು. ನಿನ್ನ ಅಪ್ಪ ನನಗೆ ಏನು ಹೆಸರಿಟ್ಟಿದ್ದಾರೆ ಎಂದು ನನಗೆ ಗೊತ್ತು. ಅವರಿಗೆ ಪೆನ್ನು ಹಿಡಿಯಲು ಆಗುತ್ತಿಲ್ಲ. ಫೋನಿನಲ್ಲಿ ಹೇಳು ಎಂದೆ, "ಅವಳಿಗೆ ಕಾಗದವೇ ಬರೀ. ಫೋನಲ್ಲಿ ಅವಳ ದನಿ ಕೇಳಕ್ಕಾಗಲ್ಲ" ಅಂದರು. ಕಾಗದ ತಲುಪುವಷ್ಟರಲ್ಲಿ ನಾನೇ ಫೋನ್ ಮಾಡಿಬಿಟ್ಟಿರುತ್ತೇನೆ. ಆದರೂ ಅವರ ಮಾತಿಗೆ ಬರೆಯುತ್ತಿದ್ದೇನೆ.

ನಿನ್ನೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ನೋಡಿದರೆ ಅಂಗಡಿಯ ಬಾಗಿಲು ಅರ್ಧ ಎತ್ತಿತ್ತು. ಬಗ್ಗಿ ಒಳಗೆ ಹೋದೆ. ನೆಲದ ಮೇಲೆ ಕೂತಿದ್ದರು, ಬೆನ್ನು ಗಿರಾಕಿಯ ಕುರ್ಚಿಗೆ ಒರಗಿತ್ತು. ಫೋನ್ ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಬಡಿದುಕೊಳ್ಳುತ್ತಿತ್ತು. "ಎತ್ತಬಾರದಾ?" ಅಂದೆ. "ಎದ್ದರಲ್ವಾ ಎತ್ತೋದು" ಅಂದರು. ಆಗಲೂ ನಗುತ್ತಿದ್ದರು. ಬಚ್ಚಲಿಗೆ ಎತ್ತಿಕೊಂಡು ಹೋದೆ. ಬಂದದ್ದು ಕಡು ಚಹಾದ ಬಣ್ಣದ ಮೂತ್ರ.

ದೊಡ್ಡ ಆಸ್ಪತ್ರೆಗೆ ಸೇರಿಸಿದೆ. ಅಲ್ಲಿನ ಡಾಕ್ಟರು, "ಬೇರೆ ಏನು ಮಾತ್ರೆ ತಗೋತೀರಿ?" ಎಂದು ಕೇಳಿದರು. ನಿನ್ನ ಅಪ್ಪ ನನ್ನ ಕಡೆ ನೋಡಿ, "ನೀನು ಸ್ವಲ್ಪ ಹೊರಗಿರಪ್ಪ" ಅಂದರು. ಹೊರಗೆ ಹೋದೆ. ನಾನು ಬಾಗಿಲು ಮುಚ್ಚುವಷ್ಟರಲ್ಲಿ, "ಬೇಡ, ಬಾ. ನಿನಗೂ ಹೇಳೋದೇ" ಎಂದು ಕರೆದರು. ಹೇಳಿದರು.

ನಿನ್ನ ಬಗ್ಗೆ ಅವರು ಹೇಳಿದ್ದು, "ಅವಳ ಹತ್ರ ಸುಳ್ಳು ನಡೆಯಲ್ಲ" ಅಂತ. ಅದಕ್ಕೆ ಇದನ್ನೂ ಬರೆಯುತ್ತೇನೆ. ನಾನು ಅಂದೇ ಸಂಜೆ ನನ್ನ ರಕ್ತ ಪರೀಕ್ಷೆಗೆ ಕೊಟ್ಟೆ. ನನಗೇನೂ ಇಲ್ಲ. ಇರುವುದಿಲ್ಲ ಎಂದು ಆಸ್ಪತ್ರೆಯಲ್ಲಿ ಕೆಲಸ ಮಾಡುವ ನನಗೆ ಗೊತ್ತಿರಬೇಕಿತ್ತು. ಗೊತ್ತಿತ್ತು. ಆದರೂ ಕೊಟ್ಟೆ. ಅವರ ಮೇಲೆ ಸಿಟ್ಟೂ ಇದೆ. ನಮ್ಮ ಡಾಕ್ಟರು ಅವತ್ತು ಇದನ್ನೇ ಕೇಳಿದಾಗ ನಾನು ಅಲ್ಲೇ ವೈರು ಸುತ್ತುತ್ತಿದ್ದೆ. "ಹೊಟ್ಟೆ ಉರಿಗೆ ಒಂದು ತಗೋತೀನಿ, ಅಷ್ಟೇ" ಎಂದಿದ್ದರು. ನಾನು ಒಂದು ನಿಮಿಷ ಆಚೆ ಹೋಗಿದ್ದರೆ ಹೇಳುತ್ತಿದ್ದರೋ ಏನೋ.

ಮೂತ್ರಪಿಂಡ ನಿಂತಿದೆ. ಡಯಾಲಿಸಿಸ್ ಶುರುವಾಗಿದೆ. ಹೊರಗೆ ನಾನು ಯಾರಿಗೂ ಹೇಳಿಲ್ಲ, ಆದರೆ ವಾರ್ಡಿನ ಬಾಯಿ ಮುಚ್ಚಿಸುವವರು ಯಾರು? ಆಸ್ಪತ್ರೆಗೆ ಬರುವ ಕ್ಷೌರದವನು ಎಲ್ಲರ ಗಡ್ಡ ತೆಗೆದು ಇವರ ಹಾಸಿಗೆ ದಾಟಿ ಹೋದ. ನಿನ್ನ ಅಪ್ಪ ಅವನ ಕೈಯ ಕತ್ತರಿಯನ್ನೇ ನೋಡುತ್ತ ಮಲಗಿದ್ದರು. ಬೇಗ ಬಾ.

ಜೋಡಿಸುಳಿ


ಜೂನ್ 6

ಅಪ್ಪ,

ಬಂದು ತಲುಪಿದೆ. ಇಸ್ತ್ರಿಯ ಕೆಲಸ ಇನ್ನೂ ಇದೆ. ಆ ಹೆಂಗಸು ನನ್ನ ಪಾಲಿನ ಚಾದರಗಳನ್ನೂ ಒಬ್ಬಳೇ ಎರಡು ತುದಿಗೆ ಓಡಾಡಿ ಹಿಡಿದಿದ್ದಳಂತೆ. "ಬರ್ತಾಳೆ, ಬರ್ತಾಳೆ" ಎಂದು ಮೇಲ್ವಿಚಾರಕನಿಗೆ ಹೇಳುತ್ತಲೇ ಇದ್ದಳಂತೆ.

ಅಲ್ಲಿ ಆಸ್ಪತ್ರೆಯಲ್ಲಿದ್ದಾಗ ನಾವು ಹೆಚ್ಚು ಮಾತಾಡಲಿಲ್ಲ. ಎದುರಿಗಿದ್ದರೆ ನಮಗೆ ಮಾತು ಬರುವುದಿಲ್ಲ. ನಿನ್ನ ಗಡ್ಡ ತೆಗೆದದ್ದೇ ಮಾತು. ನೀನು ಕಣ್ಣು ಮುಚ್ಚಲೇ ಇಲ್ಲ. "ಮೇಲಿಂದ ಕೆಳಗೆ. ಕೂದಲು ಹೋದ ಕಡೆ. ಚರ್ಮ ಎಳಿ. ಅಯ್ಯೋ, ಬದನೆಕಾಯಿ ಹೆಚ್ತಿದ್ದೀಯಾ?" ಎಂದು ಬೈಯುತ್ತಲೇ ಇದ್ದೆ. ಗದ್ದದ ಕೆಳಗೆ ಕೊಯ್ದೆ. ರಕ್ತ ಬಂತು. ಪಕ್ಕದ ಹಾಸಿಗೆಯವನು ಗೋಡೆಯ ಕಡೆ ತಿರುಗಿ ಮಲಗಿದ. ನಾನು ಬೆರಳಿನಿಂದಲೇ ಒತ್ತಿ ಹಿಡಿದೆ. ಇಬ್ಬರದೂ ಒಂದೇ ರಕ್ತ, ಎಲ್ಲ ಅರ್ಥದಲ್ಲೂ. ಮೆಲ್ಲಗೆ ಮಾತಾಡು ಎಂದು ಈ ಸಲ ನೀನು ಹೇಳಲಿಲ್ಲ.

ಒಂದು ಮಾತು ಬರೆಯಲೇಬೇಕು. ನಾನು ಕಾಡದಿದ್ದರೆ ನೀನು ಆ ಮಾತ್ರೆ ತಿನ್ನುತ್ತಿರಲಿಲ್ಲ. ನಾನು ಕಾಡದಿದ್ದರೆ ಎದೆ ಒಡೆದು ನೀನು ಅಂಗಡಿಯಲ್ಲೇ ಬೀಳುತ್ತಿದ್ದೆ. ಎರಡೂ ನಿಜ. ಎರಡನ್ನೂ ಒಟ್ಟಿಗೆ ಹಿಡಿದುಕೊಂಡು ಕೂರಲು ನನಗೆ ಬರುತ್ತಿಲ್ಲ.

ನನ್ನ ಕುತ್ತಿಗೆಯ ನಾಳದ ಸ್ಕ್ಯಾನ್ ಮಾಡಿದರು. ಗೋಡೆ ನನ್ನ ವಯಸ್ಸಿಗೆ ಇರಬೇಕಾದ್ದಕ್ಕಿಂತ ದಪ್ಪಗಿದೆ. "ಇದನ್ನು ಅಪ್ಪನಿಗೆ ಬರೀತೀಯಾ?" ಎಂದು ನರ್ಸಕ್ಕ ಕೇಳಿದರು. "ಬರೀದೆ ಇದ್ರೆ ಅವರ ಮಗಳಾಗಿಬಿಡ್ತೀನಿ" ಅಂದೆ. ನಗಲಿಲ್ಲ ಅವರು. ನನಗೆ ಹೊಂದುವ ಮಾತ್ರೆ ಕೊಟ್ಟಿದ್ದಾರೆ, ತಿನ್ನುತ್ತಿದ್ದೇನೆ. ಎದೆ ನೋವಿಲ್ಲ. ಹೆದರಿಕೆ ಇದೆ.

ಗುಂಡುಸೂಜಿ


ಜುಲೈ 19

ಮಗಳೇ,

ಅಕ್ಷರ ಓಡಾಡಿದ್ದರೆ ಕ್ಷಮಿಸು. ಮೊಣಕೈ ಮೇಜಿನ ಮೇಲೆ ಊರಿ ಬರೆಯುತ್ತಿದ್ದೇನೆ.

ಡಯಾಲಿಸಿಸ್ ನಿಲ್ಲಿಸಿದ್ದಾರೆ. ಮೂತ್ರಪಿಂಡ ಅರ್ಧಂಬರ್ಧ ಎದ್ದಿದೆ, ಪೂರ್ತಿ ಏಳುವುದು ಅನುಮಾನ ಅಂದರು. ನನ್ನ ಎರಡೂ ಕಾಯಿಲೆಯ ಡಾಕ್ಟರುಗಳು ಫೋನಿನಲ್ಲಿ ಮಾತಾಡಿಕೊಂಡು ಬೇರೆ ಮಾತ್ರೆ ಕೊಟ್ಟಿದ್ದಾರೆ. ತಿನ್ನಲು ಭಯ. ಆದರೂ ತಿನ್ನುತ್ತೇನೆ.

ಅಂಗಡಿ ತೆರೆದೆ. ಕನ್ನಡಿ ಒರೆಸಿದೆ, ಕೈ ಎಟಕುವಷ್ಟು. ಮೇಲಿನ ಅರ್ಧ ಹಾಗೇ ಇದೆ. ಜನ ನಮಸ್ಕಾರ ಹೇಳುತ್ತಾರೆ, ರಸ್ತೆಯ ಆ ಬದಿಯಿಂದ. ಪಕ್ಕದ ಟೈಲರ್ ಕುಡಿಯಲು ನೀರು ತಂದುಕೊಟ್ಟ. ಲೋಟ ವಾಪಸು ಕೊಡಲು ಹೋದರೆ, "ಇಟ್ಕೊಳ್ಳಿ ಅಣ್ಣ, ಮನೇಲಿ ಬೇಕಾದಷ್ಟಿವೆ" ಅಂದ. ಆ ಲೋಟ ಇಲ್ಲೇ ಇದೆ, ಅದರಲ್ಲಿ ಬಾಚಣಿಗೆ ಹಾಕಿಟ್ಟಿದ್ದೇನೆ.

ಹೋದ ಭಾನುವಾರ ಜೋಡಿಸುಳಿ ಬಂದ. ಬಾಗಿಲಲ್ಲೇ ನಿಂತು, "ಶೇವಿಂಗ್ ಬೇಡ. ಕಟಿಂಗ್ ಸಾಕು" ಅಂದ. ಅವನ ಮುಖ ನೋಡಿದೆ. ನೆಲ ನೋಡುತ್ತಿದ್ದ. ಅಷ್ಟಾದರೂ ಬಂದನಲ್ಲ. ಕುರ್ಚಿಯಲ್ಲಿ ಕೂರಿಸಿ ಬಟ್ಟೆ ಹೊದಿಸಿದೆ. ಕೈ ಭುಜದ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಮೇಲೆ ಏಳಲೇ ಇಲ್ಲ. ಆಗ ನಾನು ಗಿರಾಕಿಯ ಕುರ್ಚಿಯಲ್ಲಿ ಕೂತೆ, ಅವನು ನೆಲದ ಮೇಲೆ ನನಗೆ ಬೆನ್ನು ಹಾಕಿ ಕೂತ. ತಲೆ ನನ್ನ ಮೊಣಕಾಲಿನ ಹತ್ತಿರ ಬಂತು. ನೀನು ಚಿಕ್ಕವಳಿದ್ದಾಗ ಹಾಗೆ ಕೂರಿಸಿಯೇ ಜಡೆ ಹಾಕುತ್ತಿದ್ದೆ. ಹಿಂಭಾಗ ಆಯಿತು, ಎಡಗಡೆ ಆಯಿತು. ಬಲಗಡೆಗೆ ಬರುವಷ್ಟರಲ್ಲಿ ಬೆರಳು ಕತ್ತರಿಯನ್ನು ಬಿಟ್ಟುಕೊಟ್ಟಿತು. ಕತ್ತರಿ ಅವನ ಹೆಗಲಿನ ಮೇಲೆ ಬಿತ್ತು. ಅವನು ಬೆಚ್ಚಿ, ಪಕ್ಕಕ್ಕೆ ಸರಿದು, ಕುತ್ತಿಗೆ ಮುಟ್ಟಿ ನೋಡಿಕೊಂಡ. ಗಾಯವಾಗಿರಲಿಲ್ಲ. ಮುಟ್ಟಿ ನೋಡಿಕೊಂಡದ್ದಕ್ಕೆ ಅವನಿಗೇ ಅಳು ಬಂತು.

"ಉಳಿದದ್ದು ನಾಳೆ ಮಾಡಿ" ಎಂದು ಟೊಪ್ಪಿ ಹಾಕಿಕೊಂಡು ಹೋದ. ಮಾರನೆಯ ದಿನ ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಅರ್ಧ ತಲೆಯಲ್ಲಿ ತಿರುಗುತ್ತಿದ್ದಾನೋ, ಇನ್ನೊಂದು ಅಂಗಡಿಯಲ್ಲಿ ಸರಿ ಮಾಡಿಸಿಕೊಂಡನೋ ಗೊತ್ತಿಲ್ಲ. ಯಾರನ್ನೂ ಕೇಳಿಲ್ಲ. ಅವನ ಕೂದಲನ್ನು ಇನ್ನೂ ಗುಡಿಸಿಲ್ಲ.

ಅವತ್ತು ಡಾಕ್ಟರು ಕೇಳಿದಾಗ ನಮ್ಮ ಮಾತ್ರೆಯ ಡಬ್ಬಿ ನನ್ನ ಪ್ಯಾಂಟಿನ ಜೇಬಿನಲ್ಲೇ ಇತ್ತು. ನೀನು ಹೇಳಿದೆಯೆಂದೇ ಇಟ್ಟುಕೊಂಡು ಹೋಗಿದ್ದೆ. ಜೇಬಿನೊಳಗೆ ಅದನ್ನು ಹಿಡಿದುಕೊಂಡೇ ಸುಳ್ಳು ಹೇಳಿದೆ.

ನಿನ್ನ ಕುತ್ತಿಗೆಯ ನಾಳದ ಸಾಲನ್ನು ಮತ್ತೆ ಮತ್ತೆ ಓದಿದೆ. ಬರೆದದ್ದು ಒಳ್ಳೆಯದಾಯಿತು. ಹೆದರಿಕೆ ನನಗೂ ಇದೆ. ನಿನ್ನೆ ನೀರು ತುಂಬಿದ ಬಕೆಟ್ ಎತ್ತುವಾಗ ಎದೆ ಹಿಡಿಯಿತು, ಬೆವರಿದೆ, ನಾಲಿಗೆಯ ಕೆಳಗೆ ಮಾತ್ರೆ ಇಟ್ಟುಕೊಂಡೆ. ಇವತ್ತು ಬೆಳಿಗ್ಗೆ ಬಕೆಟ್ ಇಲ್ಲದೆಯೂ ಹಿಡಿಯಿತು. ಮೊದಲು ಡಾಕ್ಟರಿಗೆ ಹೇಳಬೇಕಿತ್ತು. ಮೊದಲು ನಿನಗೆ ಬರೆಯುತ್ತಿದ್ದೇನೆ. ಇದನ್ನು ಅಂಚೆ ಡಬ್ಬಿಗೆ ಹಾಕಿ, ಅಲ್ಲಿಂದಲೇ ಎದೆ ಡಾಕ್ಟರ ಬಳಿಗೆ ಹೋಗುತ್ತೇನೆ. ಅಲ್ಲಿ ವೈರು ಅಂಟಿಸುವವನು ಜೋಡಿಸುಳಿಯೇ.

ಕಾಗದದ ಮೇಲ್ಗಡೆ ಕ್ಷೇಮದ ಆ ಒಂದು ಸಾಲಿನ ಜಾಗ ಖಾಲಿ ಬಿಟ್ಟಿದ್ದೇನೆ, ನೋಡು. ಮರೆತು ಬಿಟ್ಟದ್ದಲ್ಲ.

ಅಪ್ಪ